ಕಾಕಾನ ಹೊಲದಾಗ ದಾರು

ಜುಲೈ 30, 2024, ಮಂಗಳವಾರ
ಮುಧೋಳ

ಘಟಪ್ರಭೆಯ ನೀರು ಕಾಕಾನ ಕೆಳಗಿನ ಹೊಲದಿಂದ ಇನ್ನೂ ಇಳಿದಿಲ್ಲ. ಕಬ್ಬು ಹೇಗೋ ತಡೆದೀತು. ಗೋವಿನಜೋಳದ್ದೇ ಚಿಂತೆ.

"ಮೊಣಕಾಲಮಟ ನೀರಾಗ ನಿಂತು ಎಲಿ ಬಾಡಾಕತ್ತಾವಲ್ಲವ್ವ, ಇದೇನ ಸೋಜಿಗ?" ಅಂದರು ಕಾಕಾ.

ಕಾಲೇಜಿನ ಚಟ ನೋಡಿ, ಒಡ್ಡಿನ ಮೇಲೇ ಪಾಠ ಶುರು ಮಾಡಿದೆ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದಿಯಲ್ಲಿ ಗಾಳಿಯ ಬದಲು ನೀರು ತುಂಬಿದರೆ ಆಮ್ಲಜನಕ ಹರಡೋದು ಸುಮಾರು 10,000 ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ನೀರನ್ನೂ ಸರಿಯಾಗಿ ಎಳೆಯೋದಿಲ್ಲ, ಅದಕ್ಕೇ ಎಲೆ ಬಾಡೋದು. ಜೀವ ಹಿಡಿಯೋಕೆ ಅದು ಇದ್ದ ಸಕ್ಕರೆಯನ್ನೇ ಒಡೆದು ಆಲ್ಕೋಹಾಲ್ ಮಾಡುತ್ತೆ.

"ಏನಂದಿ? ನನ್ನ ಹೊಲದಾಗ ದಾರು?"

ಈಗಷ್ಟೇ ಪಂಢರಪುರಕ್ಕೆ ನಡೆದು ಹೋಗಿ ಬಂದ ಮನುಷ್ಯ. ಕೈ ತಾನಾಗೇ ಕೊರಳಿನ ತುಳಸಿ ಮಾಲೆಗೆ ಹೋಯ್ತು. ನಗಬಾರದಿತ್ತು, ನಕ್ಕೆ.

"ಯಾರ ಹುಳಿ ಹಾಕಿದ್ರು ಅದಕ್ಕ?" ಅಂತ ಮತ್ತೆ ಕೇಳಿದರು. ಒಳ್ಳೇ ಪ್ರಶ್ನೆ, ಅಲ್ವಾ? ಈಚಲು ಮರದ ರಸ ಹುಳಿಯೋದು ಯೀಸ್ಟ್‌ನಿಂದ. ಇಲ್ಲಿ ಯೀಸ್ಟ್ ಬೇಕಿಲ್ಲ, ಬೇರಿನ ಜೀವಕೋಶವೇ ಆ ಕೆಲಸ ಮಾಡುತ್ತೆ. ಸಕ್ಕರೆ ಒಡೆದಾಗ ಸಿಗೋ ಪೈರುವೇಟ್‌ನಿಂದ ಅಸಿಟಾಲ್ಡಿಹೈಡ್, ಅದರಿಂದ ಎಥನಾಲ್, ಅಂದರೆ ಅದೇ ಆಲ್ಕೋಹಾಲ್. ಈ ಹೆಸರುಗಳನ್ನು ಕಾಕಾಗೆ ಹೇಳಲಿಲ್ಲ, ಮೊದಲೇ ಗಾಬರಿಯಾಗಿದ್ದರು.

ಲೆಕ್ಕ ಮಾತ್ರ ಹೇಳಿದೆ. ಗಾಳಿ ಇದ್ದರೆ ಸಕ್ಕರೆಯ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡೋ ಶಕ್ತಿಯ ನಾಣ್ಯ, ಸಿಗುತ್ತೆ. ಹೀಗೆ ಹುಳಿಸಿದರೆ ಬರೀ 2. ಕೂಡಿಟ್ಟ ಸಕ್ಕರೆ ಬಲು ಬೇಗ ಖಾಲಿ. ಆಲ್ಕೋಹಾಲ್ ಬಹುಪಾಲು ಸುತ್ತಲಿನ ನೀರಿಗೆ ಸೋರಿ ಹೋಗುತ್ತೆ. ಬೆಳೆ ಕುಡಿದು ಸಾಯೋದಲ್ಲ ಕಾಕಾ, ಹಸಿದು ಸಾಯೋದು.

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ನಗು ಬರಲಿಲ್ಲ.

"ಭತ್ತ ಬದುಕತೈತಲ್ಲ?"

ಭತ್ತದ ಬೇರಿನಲ್ಲಿ ಗಾಳಿ ಇಳಿಯೋಕೆ ಕೊಳವೆಗಳಿವೆ. ಅದರ ಬೀಜ ಆಮ್ಲಜನಕವೇ ಇಲ್ಲದ ನೀರಿನಲ್ಲೂ ಮೊಳಕೆ ಒಡೆಯುತ್ತೆ, ಇದೇ ಹುಳಿಸುವ ಉಪಾಯದಿಂದ. ಗೋವಿನಜೋಳಕ್ಕೆ ಅಷ್ಟು ತಾಳಿಕೆ ಇಲ್ಲ. ಇದನ್ನು ಅರ್ಧಕ್ಕೇ ನುಂಗಿದೆ.

ರಾತ್ರಿ ಕಾಕು ಫೋನ್ ಮಾಡಿದರು. "ಏನ್ ಹೇಳಿ ಕಳಸೀಯವ್ವ? ಊಟಾ ಬಿಟ್ಟು ಕುಂತಾರ" ಅಂತ ಬೈದರು. ಬೀಜ, ಗೊಬ್ಬರದ ಸಾಲ ಹಾಗೇ ಇದೆಯಂತೆ. ಹಿಂಗಾರಿಗೆ ಕಡಲೆ ಹಾಕಬಹುದು, ಆದರೆ ಅದಕ್ಕೆ ಇನ್ನೂ ಎರಡು ತಿಂಗಳು. ಅಲ್ಲಿವರೆಗೆ ಹೊಲ ಖಾಲಿ ಬಿಡೋದಾ, ಅಥವಾ...