ಗ್ಯೂಲ್ ಕಣಿವೆಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ

ನೆದರ್‌ಲ್ಯಾಂಡ್ಸ್‌ನ ದಕ್ಷಿಣ ತುದಿಯ ಈ ಕಣಿವೆಯಲ್ಲಿ ರೂಮ್ ಬುಕ್ ಮಾಡುವ ಮುಂಚೆ ಮೆಟ್ಟಿಲಿನ ಫೋಟೋ ಕೇಳಿ. ಬೇರೆಲ್ಲಾ ಆಮೇಲೆ.

ನಾವು ಮೋಸಹೋಗಿದ್ದು ಅಲ್ಲೇ. ಬಿಳಿ ಗೋಡೆ, ಅದರ ಮೇಲೆ ಅಡ್ಡ ಉದ್ದ ಕಪ್ಪು ಮರದ ತೊಲೆ, ಕಿಟಕಿ ತುಂಬಾ ಹೂವು. ಫೋಟೋದಲ್ಲಿ ಮನೆ ಅಷ್ಟು ಚೆನ್ನಾಗಿತ್ತು. ಎರಡು ರಾತ್ರಿಗೆ 290 ಯೂರೋ ಕೊಟ್ಟೆ. ರಾತ್ರಿ ಎಂಟಕ್ಕೆ ಹೋಗಿ ನೋಡಿದರೆ ರೂಮ್ ಇರುವುದು ಅಟ್ಟದಲ್ಲಿ, ಅಲ್ಲಿಗೆ ಹತ್ತೋಕೆ ಇರುವುದು ಮೆಟ್ಟಿಲಲ್ಲ, ಏಣಿ ಅಂತಲೇ ಅನ್ನಬೇಕು. ಪಾದ ಅರ್ಧ ಹೊರಗೇ ಇರುತ್ತೆ. ಅಮ್ಮನಿಗೆ 67 ವರ್ಷ, ಎರಡೂ ಮಂಡಿ ನೋವು. ಬೆಳಗ್ಗೆ ಇಳಿಯುವಾಗ ಒಂದೊಂದೇ ಮೆಟ್ಟಿಲ ಮೇಲೆ ಕೂತು, ಸೀರೆ ಸುತ್ತಿ ಹಿಡಿದುಕೊಂಡು, ಹಾಗೇ ಜಾರಿಕೊಂಡು ಇಳಿದರು. ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಮೇಲಿಂದ ಬೆಡ್‌ಶೀಟ್ ಟವೆಲ್‌ಗೆ ಬೇರೆ ದುಡ್ಡು. ಇಲ್ಲಿನ ಹಳೆ ಮನೆಗಳೆಲ್ಲಾ ಹೀಗೇ ಅಂದರು ಮನೆಯವರು. ಇರಬಹುದು, ಆದರೆ ಅದನ್ನು ಬುಕ್ ಮಾಡುವಾಗಲೇ ಹೇಳಬೇಕಲ್ವಾ? ನೀವು ಬುಕ್ ಮಾಡುವಾಗ 'ಬೆಗಾನೆ ಗ್ರೊಂಡ್' ಅಂತ ಕೇಳಿ. ಡಚ್‌ನಲ್ಲಿ ನೆಲಮಹಡಿ ಅಂತ ಅರ್ಥ. ಇಲ್ಲಿ ಒಂದನೇ ಫ್ಲೋರ್ ಅಂದರೆ ಒಂದು ಮೆಟ್ಟಿಲುಸಾಲು ಹತ್ತಿದ ಮೇಲೆ ಬರುವುದು.

ಇಷ್ಟಾದರೂ ಈ ಜಾಗಕ್ಕೆ ಹೋಗಿ ಅಂತಲೇ ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಕಡೆಯವರು ಊರಿಂದ ಅಪ್ಪ ಅಮ್ಮ ಬಂದರೆ ಟುಲಿಪ್ ತೋಟ, ಆಮ್‌ಸ್ಟರ್‌ಡ್ಯಾಮ್ ದೋಣಿ ಇಷ್ಟು ತೋರಿಸಿ ಕಳಿಸುತ್ತಾರೆ. ನಾನೂ ಏಪ್ರಿಲ್‌ನಲ್ಲಿ ಅದನ್ನೇ ಮಾಡಿದೆ. ಅಲ್ಲಿ ಕ್ಯೂನಲ್ಲಿ ನಿಂತೂ ನಿಂತೂ ಅಮ್ಮ ಸುಸ್ತಾಗಿಬಿಟ್ಟರು. ನನಗೂ ಜನಜಂಗುಳಿ ಅಂದರೆ ಆಗಿಬರೋಲ್ಲ. ಅದಕ್ಕೇ ಮೇ ಕೊನೆಗೆ ದಕ್ಷಿಣದ ತುದಿ, ಲಿಂಬರ್ಗ್ ಕಡೆ ಹೊರಟೆವು. ದೇಶವೆಲ್ಲಾ ದೋಸೆ ಕಲ್ಲಿನ ಹಾಗೆ ಮಟ್ಟವಾಗಿದ್ದರೆ ಈ ಮೂಲೆಯಲ್ಲಿ ಮಾತ್ರ ಗುಡ್ಡಗಳಿವೆ. ಗ್ಯೂಲ್ ಅನ್ನುವ ಚಿಕ್ಕ ಹೊಳೆ ಬೆಲ್ಜಿಯಂ ಕಡೆಯಿಂದ ಬಂದು ಏಪನ್, ಮೆಖೆಲೆನ್, ವಿಟ್ಟೆಮ್, ಗುಲ್ಪೆನ್, ವಾಲ್ಕೆನ್‌ಬರ್ಗ್ ಹೀಗೆ ಊರೂರು ದಾಟಿ ಮಾಸ್ ನದಿ ಸೇರುತ್ತೆ. ಹೊಳೆಗುಂಟ ಕಾಲುದಾರಿ. ದಾರಿಯಲ್ಲಿ ನೀರಿನ ಗಿರಣಿ, ಚಾಪೆಲ್ ಅನ್ನುವ ಪುಟ್ಟ ಪುಟ್ಟ ಪ್ರಾರ್ಥನೆಯ ಗೂಡುಗಳು.

ಹೋಗುವ ದಾರಿ ಸುಲಭ, ಕೊನೆಯ ತುಂಡು ಬಿಟ್ಟು. ಐಂಡ್‌ಹೋವನ್‌ನಿಂದ ಮಾಸ್ಟ್ರಿಕ್ಟ್‌ಗೆ ರೈಲಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಅಲ್ಲಿ ಸ್ಟೇಷನ್ ಮುಂದೆಯೇ 350 ನಂಬರ್ ಬಸ್ ಸಿಗುತ್ತೆ. ಗುಲ್ಪೆನ್, ವಿಟ್ಟೆಮ್, ವಾಲ್ಸ್ ಮೇಲೆ ಜರ್ಮನಿಯ ಆಖನ್‌ಗೆ ಹೋಗುತ್ತೆ, ಮೇಲಿಂದ ಮೇಲೆ ಇರುತ್ತೆ. ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹತ್ತುವುದಾದರೆ ತಲೆಗೊಂದು ಕಾರ್ಡ್ ಬೇಕು, ಒಂದೇ ಕಾರ್ಡ್ ಇಬ್ಬರಿಗೆ ನಡೆಯೋಲ್ಲ. ನಾನು ಕಾರ್ಡನ್ನು ಅಮ್ಮನ ಕೈಗೆ ಕೊಟ್ಟು, ನಾನು ಫೋನಿನಿಂದ ಮುಟ್ಟಿಸಿದೆ. ಫೋನನ್ನು ಬೇರೆ ಕಾರ್ಡ್ ಅಂತಲೇ ಲೆಕ್ಕ ಹಿಡಿಯುತ್ತೆ. ಆದರೆ ಯಾವುದನ್ನು ಮುಟ್ಟಿಸಿ ಹತ್ತಿದಿರೋ ಇಳಿಯುವಾಗಲೂ ಅದನ್ನೇ ಮುಟ್ಟಿಸಬೇಕು, ಅದಲುಬದಲಾದರೆ ಜಾಸ್ತಿ ದುಡ್ಡು ಕಟ್ ಆಗುತ್ತೆ.

ತೊಂದರೆ ಇರುವುದು ಗುಲ್ಪೆನ್‌ನಿಂದ ಏಪನ್‌ಗೆ. ಅದು ಚಿಕ್ಕ ಬಸ್. ಶನಿವಾರ ಬೆಳಗ್ಗೆ ಸರಿಯಾಗಿ ಬಂತು, ಸರಿಯಾಗಿ ಹೋಯಿತು. ಭಾನುವಾರ ಏಪನ್‌ನಿಂದ ವಾಪಸ್ ಬರೋಣ ಅಂತ ನಿಂತೆವು. ಒಂದು ಬಸ್ ಟೈಮ್ ಆಯಿತು, ಬರಲಿಲ್ಲ. ಇನ್ನೊಂದರ ಟೈಮೂ ಆಯಿತು, ಅದೂ ಇಲ್ಲ. ಮಳೆ ಹನಿ ಶುರುವಾಯಿತು. ಕೂರೋಕೆ ಬೆಂಚಿಲ್ಲ, ಅಮ್ಮ ನನ್ನ ಬ್ಯಾಗ್ ಮೇಲೇ ಕೂತರು. ನಾಯಿ ಕರೆದುಕೊಂಡು ಬಂದ ಒಬ್ಬ ತಾತ ನಮ್ಮನ್ನು ನೋಡಿ ನಿಂತು, ಟೈಮ್ ಟೇಬಲ್‌ನ ಕೆಳಗೆ ಇರುವೆ ಸಾಲಿನ ಹಾಗೆ ಬರೆದಿದ್ದ ಒಂದು ಸಾಲು ತೋರಿಸಿದರು. ಆ ದಿನದ ಬಸ್ಸಿಗೆ ಒಂದು ಗಂಟೆ ಮುಂಚೆ ಫೋನ್ ಮಾಡಿ ಹೇಳಬೇಕಂತೆ, ಯಾರೂ ಹೇಳದಿದ್ದರೆ ಬಸ್ಸೇ ಹೊರಡೋಲ್ಲ. ನಾನು ಇಲ್ಲಿಗೆ ಬಂದು ಆರು ವರ್ಷ, ನನಗೇ ಗೊತ್ತಿರಲಿಲ್ಲ. ಹೊಸಬರ ಗತಿ ಏನು? ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ ನಿಂತಿದ್ದೆವು.

ಅದಕ್ಕೇ ನನ್ನ ಸಲಹೆ ಇದು. ಶನಿವಾರ ಬೆಳಗ್ಗೆ ಚಿಕ್ಕ ಬಸ್ಸಿನಲ್ಲಿ ಏಪನ್‌ಗೆ ಹೋಗಿಬಿಡಿ, ಅಲ್ಲಿಂದ ನೀರು ಹರಿಯುವ ದಿಕ್ಕಿನಲ್ಲೇ ನಡೆಯಿರಿ. ಏಪನ್‌ನಿಂದ ಮೆಖೆಲೆನ್ ಸುಮಾರು 5 ಕಿಲೋಮೀಟರ್, ಅಲ್ಲಿಂದ ವಿಟ್ಟೆಮ್ ಇನ್ನೊಂದು 3. ಹೆಚ್ಚಾಗಿ ಇಳಿಜಾರೇ. ವಿಟ್ಟೆಮ್‌ನಲ್ಲಿ ಮೇನ್ ರೋಡಿಗೆ ಬಂದರೆ 350 ಬಸ್ ಇದ್ದೇ ಇದೆ, ಚಿಕ್ಕ ಬಸ್ಸಿಗೆ ಕಾಯುವ ಕಷ್ಟವೇ ಇಲ್ಲ. ಇನ್ನೊಂದು ವಿಷಯ, ಮ್ಯಾಪಿನಲ್ಲಿ ಬರೀ ಮೆಖೆಲೆನ್ ಅಂತ ಹುಡುಕಿದರೆ ಬೆಲ್ಜಿಯಂನ ದೊಡ್ಡ ಊರು ತೋರಿಸುತ್ತೆ. ಜೊತೆಗೆ ಲಿಂಬರ್ಗ್ ಅಂತ ಸೇರಿಸಿ.

ಏಪನ್ ಊರು ಇರುವುದು ಮೇಲೆ, ಹೊಳೆ ಕೆಳಗೆ. ಇಳಿದು ಹೋದರೆ ಮೊದಲು ಸಿಗುವುದೇ ಫೋಲ್‌ಮೋಲೆನ್. ಮೋಲೆನ್ ಅಂದರೆ ಗಿರಣಿ, ಮ್ಯಾಪಿನಲ್ಲಿ ಹೆಸರಿನ ಕೊನೆಗೆ ಈ ಪದ ಇದ್ದರೆ ಅಲ್ಲೊಂದು ಗಿರಣಿ ಇದೆ, ಇಲ್ಲವೇ ಹಿಂದೆ ಇತ್ತು ಅಂತ ತಿಳಿಯಿರಿ. ಉಣ್ಣೆ ಬಟ್ಟೆಯನ್ನು ನೀರಿನ ಬಲದಿಂದ ಕುಟ್ಟಿ ಕುಟ್ಟಿ ದಪ್ಪ ಮಾಡುವ ಕೆಲಸದಿಂದ ಫೋಲ್‌ಮೋಲೆನ್‌ಗೆ ಆ ಹೆಸರು, ಆಮೇಲೆ ಅದು ಹಿಟ್ಟಿನ ಗಿರಣಿಯಾಯಿತು. ಈ ದೇಶದಲ್ಲಿ ಗಿರಣಿ ಮುಂದೆ ಉದ್ದನೆಯ ನೀಲಿ ಬಾವುಟ ಕಟ್ಟಿದ್ದರೆ ಒಳಗೆ ಬನ್ನಿ ಅಂತ ಅರ್ಥ. ತುಂಬಾ ಗಿರಣಿಗಳನ್ನು ನೋಡಿಕೊಳ್ಳುವವರು ಸಂಬಳವಿಲ್ಲದೆ ಇಷ್ಟಪಟ್ಟು ಬರುವ ಜನ, ಅದಕ್ಕೇ ದಿನಾ ತೆಗೆದಿರೋಲ್ಲ. ಮೇ ತಿಂಗಳ ಎರಡನೇ ವಾರಾಂತ್ಯ ದೇಶಾದ್ಯಂತ ಗಿರಣಿ ದಿನ, ಅವತ್ತು ನೂರಾರು ಗಿರಣಿ ತೆಗೆದಿರುತ್ತವೆ.

ನಮ್ಮ ಅದೃಷ್ಟಕ್ಕೆ ಚಕ್ರ ತಿರುಗುತ್ತಿತ್ತು. ಒಳಗೆ ಕಾಲಿಟ್ಟರೆ ನೆಲವೇ ಸಣ್ಣಗೆ ನಡುಗುತ್ತೆ. ಮರದ ಹಲ್ಲುಚಕ್ರಗಳ ಕಟಕಟ ಶಬ್ದ, ತೊಲೆ ಮೇಲೆಲ್ಲಾ ಹಿಟ್ಟಿನ ಧೂಳು, ಜೇಡರ ಬಲೆ ಕೂಡ ಬಿಳಿ. ಗಿರಣಿ ನೋಡಿಕೊಳ್ಳುತ್ತಿದ್ದವರು ಒಂದು ಹಿಡಿ ಹಿಟ್ಟನ್ನು ಅಮ್ಮನ ಅಂಗೈಗೆ ಹಾಕಿದರು. ಬೆಚ್ಚಗಿತ್ತು. ಅಮ್ಮ ಹೆಬ್ಬೆರಳಲ್ಲಿ ಉಜ್ಜಿ ನೋಡಿ "ಸ್ವಲ್ಪ ತರಿ ಇದೆ ಕಣೋ, ಕಲ್ಲು ಇನ್ನೊಂಚೂರು ಬಿಗಿ ಮಾಡಬೇಕು" ಅಂದರು. ನಾನು ಇಂಗ್ಲಿಷ್‌ನಲ್ಲಿ ಹೇಳಿದೆ. ಅವರು ಹೌದು ಅಂತ ತಲೆಯಾಡಿಸಿ ನಿಜವಾಗಲೂ ಹೋಗಿ ಕಲ್ಲು ಬಿಗಿ ಮಾಡಿ, ಎರಡನೇ ಹಿಡಿ ತಂದು ತೋರಿಸಿದರು. ಈಗ ಸರಿಹೋಯಿತು ಅಂದರು ಅಮ್ಮ. ಇಲ್ಲಿದ್ದ ಇಡೀ ಮೂರು ತಿಂಗಳಲ್ಲಿ ಅವರು ಇಷ್ಟು ಖುಷಿಯಾಗಿದ್ದು ನಾನು ನೋಡಿಲ್ಲ.

ಹೊಳೆ ಪಕ್ಕದ ಹುಲ್ಲಿನಲ್ಲಿ ಅಲ್ಲಲ್ಲಿ ಹಳದಿ ಬಣ್ಣದ ಪುಟಾಣಿ ಹೂವು ಕಾಣಬಹುದು. ಐದು ಎಸಳು, ಮಧ್ಯದಲ್ಲಿ ಮೀಸೆಯ ಹಾಗೆ ಕಪ್ಪು ಗೆರೆ. ಬೆಲ್ಜಿಯಂ ಕಡೆ ಹಿಂದೆ ಸತುವಿನ ಗಣಿಗಳಿದ್ದವು. ಅಲ್ಲಿಂದ ಹೊಳೆಯಲ್ಲಿ ಕೊಚ್ಚಿಬಂದ ಸತು ಈ ಮಣ್ಣಲ್ಲಿದೆ, ಅಂಥ ಮಣ್ಣಲ್ಲೇ ಈ ಹೂವು ಬರುವುದು. ಈಗ ತುಂಬಾ ಅಪರೂಪ. ಅಮ್ಮ ದೇವರಿಗೆ ನಾಲ್ಕು ಕೀಳೋಣ ಅಂತ ಬಗ್ಗಿದರು, ನಾನು ತಡೆದೆ. ನೀವೂ ಕೀಳಬೇಡಿ.

ಚಾಪೆಲ್‌ಗಳ ವಿಷಯ. ಇವು ದೊಡ್ಡ ಚರ್ಚುಗಳಲ್ಲ. ಹೊಲದ ಮೂಲೆ, ಎರಡು ದಾರಿ ಸೇರುವ ಕಡೆ, ಒಂದು ಮರದ ಕೆಳಗೆ, ಇಬ್ಬರು ನಿಂತರೆ ತುಂಬಿಹೋಗುವಷ್ಟು ಚಿಕ್ಕ ಗೂಡು. ಒಳಗೆ ಮೇರಿಯಮ್ಮ, ಮುಂದೆ ಜಾಮ್ ಬಾಟಲಿಯಲ್ಲಿ ಅವತ್ತೇ ಕಿತ್ತ ಹೂವು. ದಾರಿಯುದ್ದಕ್ಕೂ ಶಿಲುಬೆಗಳು ಬೇರೆ. ಲಿಂಬರ್ಗ್ ಹಿಂದಿನಿಂದಲೂ ಕ್ಯಾಥೋಲಿಕ್ ಸೀಮೆ, ಅಕ್ಕಪಕ್ಕದ ಮನೆಯವರೇ ಇವನ್ನು ನೋಡಿಕೊಳ್ಳುತ್ತಾರೆ. ಅಮ್ಮ ಪ್ರತಿಯೊಂದರ ಮುಂದೆಯೂ ಚಪ್ಪಲಿ ಬಿಟ್ಟು ಕೈಮುಗಿದರು, ನಮ್ಮೂರ ಅರಳಿಕಟ್ಟೆ ಮುಂದೆ ನಿಲ್ಲುವ ಹಾಗೇ. ನಡಿಗೆಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ, ನಮಗೆ 5 ಕಿಲೋಮೀಟರ್‌ಗೆ ಮೂರು ಗಂಟೆ ಹಿಡಿಯಿತು.

ವಿಟ್ಟೆಮ್‌ನ ಮಠ ಮಾತ್ರ ದೊಡ್ಡದು. 1836ರಲ್ಲಿ ರಿಡೆಂಪ್ಟರಿಸ್ಟ್ ಅನ್ನುವ ಕ್ಯಾಥೋಲಿಕ್ ಪಂಗಡದ ಪಾದ್ರಿಗಳ ಕೈಗೆ ಬಂತು. ಸಂತ ಗೆರಾರ್ಡಸ್‌ಗೆ ಹರಕೆ ಹೊತ್ತುಕೊಂಡು ಜನ ಬರುತ್ತಾರೆ, ಬಸುರಿ ಹೆಂಗಸರು ಬೇಡಿಕೊಳ್ಳುವ ಸಂತ ಇವರು. ನನ್ನ ತಂಗಿಗೆ ಆಗ ಏಳು ತಿಂಗಳು. ಅಮ್ಮ ಒಂದು ಮೇಣದ ಬತ್ತಿ ಹಚ್ಚಿ, ಅದು ಅರ್ಧ ಉರಿಯುವ ತನಕ ಅಲ್ಲೇ ಕೂತಿದ್ದರು. ಅವಸರ ಮಾಡುವವರು ಯಾರೂ ಇರಲಿಲ್ಲ.

ಊಟದ್ದು ಹೇಳಲೇಬೇಕು. ಆಲೂಗಡ್ಡೆ ಫ್ರೈಸ್ ಸಸ್ಯಾಹಾರ ಅಲ್ವಾ ಅಂತ ಸುಮ್ನೆ ತಿನ್ನಬೇಡಿ. ಈ ಕಡೆ, ಬೆಲ್ಜಿಯಂನಲ್ಲಿ ಕೂಡ, ತುಂಬಾ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿಯೇ ತಗೊಳ್ಳಿ. ನಮ್ಮನ್ನು ಕಾಪಾಡಿದ್ದು ದಾರಿಯಲ್ಲಿ ಸಿಕ್ಕ ಒಂದು ಬೇಕರಿ. ನಾಲ್ಕೇ ಟೇಬಲ್. ಇಲ್ಲಿನ ವಿಶೇಷ ವ್ಲಾಯ್, ಅಗಲವಾದ ಬ್ರೆಡ್ಡಿನಂಥ ಹಿಟ್ಟಿನ ಮೇಲೆ ಚೆರ್ರಿಯೋ ಏಪ್ರಿಕಾಟೋ ಹಾಕಿ ಬೇಯಿಸಿದ್ದು. ಅನ್ನ ಹಾಲು ಹಾಕಿ ಮಾಡಿದ್ದೂ ಇದೆ, ನೋಡಿದರೆ ಗಟ್ಟಿ ಪಾಯಸದ ಹಾಗೆ, ಆದರೆ ಅದರಲ್ಲಿ ಮೊಟ್ಟೆ ಇರುತ್ತೆ. ಅಮ್ಮ ಮೊಟ್ಟೆ ತಿನ್ನೋಲ್ಲ ಅಂದಾಗ ಅಂಗಡಿಯಾಕೆ ಒಳಗೆ ಹೋಗಿ ಮಾಡುವವರನ್ನೇ ಕರೆದುಕೊಂಡು ಬಂದರು. ಅವರು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು, ಒಂದೊಂದನ್ನೂ ತೋರಿಸಿ ಇದರಲ್ಲಿ ಇದೆ, ಇದರಲ್ಲಿ ಇದೆ, ಚೆರ್ರಿಯದ್ದರಲ್ಲಿ ನಾನು ಹಾಕೋಲ್ಲ ಅಂದರು. ಎಲ್ಲಾ ಬೇಕರಿಯಲ್ಲೂ ಹೀಗಲ್ಲ, ಹಿಟ್ಟಿಗೇ ಮೊಟ್ಟೆ ಹಾಕುವವರಿದ್ದಾರೆ. ಎರಡು ತುಂಡು, ಎರಡು ಕಾಫಿ, ಎಲ್ಲಾ ಸೇರಿ 11 ಯೂರೋ. ಆಮೇಲೆ ಮಳೆ ಜೋರಾಯಿತು. ನಮ್ಮ ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇತ್ತು, ಕೇಳೋಕೆ ಸಂಕೋಚ. ಇಲ್ಲಿ ಹೋಟೆಲಲ್ಲಿ ಕೂತು ಮನೆ ಊಟ ತಿನ್ನೋ ಹಾಗಿಲ್ಲ. ಆಕೆಯೇ ನೋಡಿ ಎರಡು ತಟ್ಟೆ ತಂದಿಟ್ಟರು. ಅಮ್ಮ ಒಂದು ಸೌಟು ಅವರಿಗೂ ಬಡಿಸಿದರು. ನಿಂಬೆಹುಳಿ ಇಷ್ಟಪಟ್ಟು ತಿಂದರು, ಒಣಮೆಣಸಿನಕಾಯಿ ಪಕ್ಕಕ್ಕಿಟ್ಟರು.

ವಾಲ್ಸ್‌ನ ಮೂರು ದೇಶದ ಗಡಿಕಲ್ಲು, 322 ಮೀಟರ್ ಎತ್ತರದ ಗುಡ್ಡ, ಅದಕ್ಕೂ ಹೋದೆವು. ಜನವೋ ಜನ. ಒಂದು ಫೋಟೋ ತೆಗೆದು ವಾಪಸ್ ಬಂದೆವು. ವಾಲ್ಕೆನ್‌ಬರ್ಗ್‌ನಲ್ಲಿ ಹಳದಿ ಕಲ್ಲಿನ ರೈಲ್ವೆ ಸ್ಟೇಷನ್ ನೋಡಿ, 1853ರದ್ದು, ಉಳಿದಿದ್ದೆಲ್ಲಾ ಐಸ್‌ಕ್ರೀಮ್ ಅಂಗಡಿ. ಉಳಿದುಕೊಳ್ಳೋಕೆ ಗುಲ್ಪೆನ್ ವಾಸಿ.

ಮಳೆ ಬಂದ ಮಾರನೇ ದಿನ ಹೊಳೆದಾರಿ ಬೇಡ. ಕಾಲುವೆಯಷ್ಟಗಲದ ನೀರು ಅಂತ ಹಗುರವಾಗಿ ನೋಡಬೇಡಿ, 2021ರ ಜುಲೈನಲ್ಲಿ ಇದೇ ಹೊಳೆ ಉಕ್ಕಿ ವಾಲ್ಕೆನ್‌ಬರ್ಗ್ ಪೇಟೆಗೆ ನುಗ್ಗಿತ್ತು. ಕೆಸರಿನಲ್ಲಿ ಅಮ್ಮನ ಚಪ್ಪಲಿ ಎರಡು ಸಲ ಸಿಕ್ಕಿಕೊಂಡಿತು, ಹಿಡಿತ ಇರುವ ಶೂ ಹಾಕಿಸಿ. ದಾರಿಯಲ್ಲಿ ಟಾಯ್ಲೆಟ್ ಇಲ್ಲ, ಕಾಫಿ ಕುಡಿಯುವ ಕಡೆಯೇ ಮುಗಿಸಿಕೊಳ್ಳಿ. ಹಸು ಮೇಯುವ ಹುಲ್ಲುಗಾವಲಿಗೆಲ್ಲಾ ಒಬ್ಬೊಬ್ಬರೇ ತೂರುವ ಕಿರುಗೇಟು ಇದೆ, ಮಗುವಿನ ಗಾಡಿ ಅದರಲ್ಲಿ ಹೋಗೋಲ್ಲ. ಸೆಪ್ಟೆಂಬರ್‌ನಲ್ಲಿ ತಂಗಿ ಮಗು ಎತ್ತಿಕೊಂಡು ಬರುತ್ತಾಳೆ. ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಈಗಲೇ ತಂದಿಟ್ಟಿದ್ದೇನೆ, ಗುಲ್ಪೆನ್‌ನಲ್ಲಿ ನೆಲಮಹಡಿ ರೂಮೂ ಹೇಳಿ ಆಗಿದೆ.