ಒತ್ತೋದು ಒಂದೇ ಸಲ

"ಇದು ಸರಿಯಾಗಿ ಮಿಕ್ಸ್ ಆಗಿಲ್ಲ ಮೇಡಂ, ಇನ್ನೊಂದ್ಸಲ ಒತ್ತಿ." ಈ ವಾರ ತೀರ್ಥಹಳ್ಳಿಯ ಭಾಷಣ ಸ್ಪರ್ಧೆಯಲ್ಲಿ, ಯಾರ ನಂತರ ಯಾರು ಮಾತಾಡಬೇಕು ಅನ್ನೋ ಪಟ್ಟಿ ನೋಡಿ ಹಿರಿಯ ಮೇಷ್ಟ್ರೊಬ್ಬರು ಹೇಳಿದ ಮಾತಿದು. ಇನ್ನೂ ತಲೆಯಿಂದ ಹೋಗ್ತಾನೇ ಇಲ್ಲ.

12 ಮಕ್ಕಳು. ಪ್ರತಿ ವರ್ಷ ಪಟ್ಟಿ ಅಕ್ಷರದ ಸಾಲಿನಲ್ಲೇ ಇರುತ್ತದೆ. ಹಾಗಾಗಿ 'ಅ'ದಿಂದ ಹೆಸರು ಶುರುವಾಗುವ ಹುಡುಗಿಯೊಬ್ಬಳು ಯಾವಾಗಲೂ ಮೊದಲು ವೇದಿಕೆ ಹತ್ತಬೇಕು. ತೀರ್ಪುಗಾರರು ಇನ್ನೂ ಪೆನ್ನು ಹುಡುಕುತ್ತಿರುತ್ತಾರೆ, ಮೈಕ್ ಕುಂಯ್ ಅನ್ನುತ್ತಿರುತ್ತದೆ. "ಪ್ರತಿ ಸಲ ನಾನೇ ಯಾಕೆ ಮಿಸ್?" ಅಂದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಈ ಸಲ ಲ್ಯಾಪ್‌ಟಾಪ್‌ನಲ್ಲಿ ಹೆಸರುಗಳ ಪಕ್ಕದ ಕಾಲಂಗೆ ರ‍್ಯಾಂಡ್ ಫಾರ್ಮುಲಾ ಹಾಕಿದೆ. ಪ್ರತಿ ಹೆಸರಿಗೂ ಸೊನ್ನೆ ಮತ್ತು ಒಂದರ ನಡುವಿನ ಯಾವುದೋ ಸಂಖ್ಯೆ ಬೀಳುತ್ತದೆ. ಸಾರ್ಟ್ ಒತ್ತಿ ಆ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದರೆ ಹೆಸರುಗಳೂ ಅದಲುಬದಲಾಗುತ್ತವೆ.

ಬಂದ ಪಟ್ಟಿಯಲ್ಲಿ ಒಂದೇ ಶಾಲೆಯ ಮೂವರು ಒಬ್ಬರ ಹಿಂದೆ ಒಬ್ಬರು. ಮೇಷ್ಟ್ರಿಗೆ ಕಸಿವಿಸಿ. ಒಳ್ಳೆಯವರು, ಎಂಥಾ ಮಳೆ ಇದ್ದರೂ ಕೊನೆಯ ಮಗು ಬಸ್ ಹತ್ತುವವರೆಗೆ ನಿಲ್ಲೋರು. ಮೋಸದ ಯೋಚನೆ ಅವರಿಗಿಲ್ಲ. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಕಣ್ಣಿಗೆ ಚೆಂದ ಕಾಣುವವರೆಗೂ ಒತ್ತುತ್ತಾ ಹೋದರೆ ಪಟ್ಟಿ ಮಾಡಿದ್ದು ನಾವೇ ಆಯ್ತು ಅಲ್ವಾ? 12 ಹೆಸರುಗಳನ್ನು ಸುಮಾರು 48 ಕೋಟಿ ಬಗೆಯಲ್ಲಿ ಜೋಡಿಸಬಹುದು. ಅದರಲ್ಲಿ ಆ ಹಳೇ ಅಕ್ಷರದ ಸಾಲೂ ಒಂದು. ಅದೇ ಬಂದಿದ್ದರೂ ತಪ್ಪೇನಿಲ್ಲ.

ಇದರಲ್ಲಿ ಕಣ್ಣನ್ನು ನಂಬೋಕಾಗಲ್ಲ. 1969ರ ಡಿಸೆಂಬರ್‌ನಲ್ಲಿ ಅಮೆರಿಕ ತನ್ನ ಹುಡುಗರನ್ನು ಸೈನ್ಯಕ್ಕೆ ಕರೆಯಲು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿತು. ಆಗ ವಿಯೆಟ್ನಾಂ ಯುದ್ಧ ನಡೀತಿತ್ತು, ಮೊದಲು ಬಂದ ದಿನಾಂಕದವರಿಗೆ ಮೊದಲು ಕರೆ. ಚೀಟಿಗಳನ್ನು ತಿಂಗಳ ಸಾಲಿನಲ್ಲೇ ಹಾಕಿದ್ದರು, ಕಲಸಿದ್ದು ಸಾಲಲಿಲ್ಲ. ವರ್ಷದ ಕೊನೆಯಲ್ಲಿ ಹುಟ್ಟಿದವರ ದಿನಗಳೇ ಜಾಸ್ತಿ ಮೊದಮೊದಲು ಬಂದವು. ಟೀವಿಯಲ್ಲೇ ತೋರಿಸಿದ್ದರು. ಆಮೇಲೆ ಕೂತು ಲೆಕ್ಕ ಹಾಕಿದಾಗ ವಿಷಯ ಹೊರಬಿತ್ತು. ಎಷ್ಟು ಮನೆಗಳ ಹಣೆಬರಹ ಅದು!

"ಒಂದೇ ಶಾಲೆಯವರು ಒಟ್ಟಿಗೆ ಬರಬಾರದು ಅಂದ್ರೆ ಒತ್ತೋ ಮೊದಲೇ ಹೇಳ್ಬೇಕಿತ್ತು ಸಾರ್. ಪಟ್ಟಿ ನೋಡಿದ ಮೇಲಲ್ಲ," ಅಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಪಟ್ಟಿ ನೋಡಿದರು. "ಹಾಗಾದ್ರೆ ಇರ್ಲಿ ಬಿಡಿ," ಅಂದರು, ಅರೆಮನಸ್ಸಿನಿಂದಲೇ.

ಪಟ್ಟಿಯಲ್ಲಿ ಮೊದಲು ಬಂದ ಹುಡುಗ ಮುಖ ಸಣ್ಣ ಮಾಡಿಕೊಂಡ. "ಈ ಸಲ ನಿಂಗೆ ಬಿತ್ತು ಮಾರಾಯ, ಮುಂದಿನ ಸಲ ಇನ್ಯಾರಿಗೋ," ಅಂದಾಗ ಒಪ್ಪಿಕೊಂಡು ಹೋಗಿ ಚೆನ್ನಾಗೇ ಮಾತಾಡಿದ. ಮುಂದಿನ ಸ್ಪರ್ಧೆಗೆ ನಿಯಮ ಮೊದಲೇ ಬರೆದು ಅಂಟಿಸೋಣ, ಮಕ್ಕಳ ಎದುರಿಗೇ ಒತ್ತೋಣ ಅಂತ ಮೇಷ್ಟ್ರಿಗೆ ಹೇಳಿದ್ದೇನೆ.