ಬಣ್ಣ ಹಚ್ಚಿದ್ದರೆ ವಿಕ್ರಾಂತ್ ಉಳಿಯುತ್ತಿತ್ತೇ?

“ಅಮೆರಿಕದಲ್ಲಿ ರಿಟೈರ್ ಆದವರೆಲ್ಲ ಸೇರಿ ಹಳೇ ಯುದ್ಧನೌಕೆಗೆ ಬಣ್ಣ ಹಚ್ಚಿ ಉಳಿಸಿಕೊಳ್ತಾರೆ ಅಂತೀರಲ್ಲ ಸಾರ್, ನಮ್ಮ ವಿಕ್ರಾಂತನ್ನ ಯಾಕೆ ಗುಜರಿಗೆ ಹಾಕಿದ್ರು? ಒಂದಷ್ಟು ಜನ ಹೋಗಿ ಕೈ ಹಾಕಿದ್ದಿದ್ರೆ ಉಳೀತಿರಲಿಲ್ವಾ?”

ವಿದ್ಯಾರಣ್ಯಪುರದ ಪಾರ್ಕಿನಲ್ಲಿ ವಾಕಿಂಗ್ ಹೊತ್ತಿಗೆ, ಮದುವೆ ಊಟದ ಪಂಕ್ತಿಯಲ್ಲಿ, ಹಳೇ ಫ್ಯಾಕ್ಟರಿ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಅವರು ಕೇಳುವುದು ನಮ್ಮ ನೌಕಾಪಡೆಯ ಹಳೇ ವಿಮಾನವಾಹಕ ನೌಕೆ ವಿಕ್ರಾಂತ್ ಬಗ್ಗೆ, ಅದೇ ಹೆಸರಿನ ಈಗಿನ ಹೊಸದರ ಬಗ್ಗೆ ಅಲ್ಲ. ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ಜಾಲಹಳ್ಳಿಯ ಬಿಇಎಲ್‌ನಲ್ಲಿ ರಾಡಾರ್ ಕೆಲಸ ಮಾಡಿ ನಿವೃತ್ತನಾದವನು ನಾನು. ಮಗಳು ಅಳಿಯ ಇರುವುದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. ಅಲ್ಲಿ ಹಡ್ಸನ್ ನದಿಯ ದಡಕ್ಕೆ ಯುಎಸ್‌ಎಸ್ ಸ್ಲೇಟರ್ ಎಂಬ ಎರಡನೇ ಮಹಾಯುದ್ಧದ ಹಡಗನ್ನು ಕಟ್ಟಿ ನಿಲ್ಲಿಸಿದ್ದಾರೆ. ಮಗಳ ಮನೆಗೆ ಹೋದಾಗಲೆಲ್ಲ ಆ ಹಡಗಿನ ತುಕ್ಕು ಕೆರೆಯುವ ಗುಂಪಿಗೆ ಸೇರಿಕೊಳ್ಳುತ್ತೇನೆ. ‘ಮನೆ ಗೇಟಿಗೆ ಬಣ್ಣ ಹಚ್ಚಿ ಅಂದ್ರೆ ಪೇಂಟರನ್ನ ಕರೆಸ್ತೀರಿ, ಅಲ್ಲಿ ಹೋಗಿ ಬಿಟ್ಟಿ ಚಾಕರಿ ಮಾಡ್ತೀರಿ’ ಎನ್ನುವುದು ನನ್ನ ಹೆಂಡತಿಯ ದೂರು. ಅದು ಬೇರೆ ವಿಷಯ.

ಪ್ರಶ್ನೆಗೆ ಚಿಕ್ಕ ಉತ್ತರ: ಉಳಿಯುತ್ತಿರಲಿಲ್ಲ. ಕೇಳಿದವರಿಗೆ ಇದು ರುಚಿಸುವುದಿಲ್ಲ. ಇವನಿಗೆ ದೇಶಾಭಿಮಾನ ಕಡಿಮೆ ಎನ್ನುವ ಹಾಗೆ ನೋಡುತ್ತಾರೆ. ಅದಕ್ಕೇ ದೊಡ್ಡ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಲಿಂಕ್ ಕಳಿಸಿ ಸುಮ್ಮನಿರಬಹುದು.

ಮೊದಲು ಸ್ಲೇಟರ್ ವಿಷಯ. ಸುಮಾರು 93 ಮೀಟರ್ ಉದ್ದದ ಹಡಗು. 1944ರಲ್ಲಿ ನೌಕಾಪಡೆಗೆ ಸೇರಿತು. ಸರಕು ಹಡಗುಗಳ ಸಾಲಿನ ಜತೆ ಹೋಗಿ, ಅವುಗಳ ಮೇಲೆ ಬೀಳುವ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದಕ್ಕೆಂದೇ ಕಟ್ಟಿದ ಜಾತಿಯದು. 1951ರಲ್ಲಿ ಗ್ರೀಸ್‌ಗೆ ಕೊಟ್ಟರು, ಅಲ್ಲಿ ನಾಲ್ಕು ದಶಕ ದುಡಿಯಿತು. ಅದೇ ಜಾತಿಯ ಹಡಗುಗಳಲ್ಲಿ ಹಿಂದೆ ಕೆಲಸ ಮಾಡಿದ್ದ ಮುದುಕರು ಚಂದಾ ಎತ್ತಿ, 1993ರಲ್ಲಿ ಅದನ್ನು ನ್ಯೂಯಾರ್ಕ್‌ಗೆ ಎಳೆಸಿಕೊಂಡು ಬಂದರು. 1997ರಲ್ಲಿ ಆಲ್ಬನಿಗೆ ಬಂತು. ಅಂದಿನಿಂದ ಅದರ ದಿನನಿತ್ಯದ ಕೆಲಸವೆಲ್ಲ ಬಹುಪಾಲು ಸಂಬಳವಿಲ್ಲದ ಕೈಗಳಿಂದಲೇ ನಡೆದಿದೆ.

ಆ ಕೆಲಸ ಎಂಥದ್ದು ಅಂದರೆ, ಬಣ್ಣ ಹಚ್ಚುವುದು ಅದರಲ್ಲಿ ಕಟ್ಟಕಡೆಯದು ಮತ್ತು ಅತಿ ಸುಲಭದ್ದು. ಮೊದಲು ಹಳೇ ಬಣ್ಣ ತೆಗೆಯಬೇಕು. ದಶಕಗಳಿಂದ ಒಂದರ ಮೇಲೊಂದು ಬಳಿದ ಪದರಗಳು, ಕೆಳಗಿನವುಗಳಲ್ಲಿ ಸೀಸ ಇರುತ್ತದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಚಿಪ್ಪಿಂಗ್ ಸುತ್ತಿಗೆಯಿಂದ ಕುಟ್ಟಿ ಪದರ ಎಬ್ಬಿಸಬೇಕು. ಸಂದುಗೊಂದಿಗೆ ನೀಡಲ್ ಗನ್ ಅಂತ ಒಂದಿದೆ, ಗಾಳಿಯ ಒತ್ತಡದಲ್ಲಿ ಉಕ್ಕಿನ ಕಡ್ಡಿಗಳು ಟಕಟಕ ಬಡಿಯುತ್ತವೆ. ಸಂಜೆ ಚಮಚ ಹಿಡಿದರೆ ಕೈ ಇನ್ನೂ ನಡುಗುತ್ತಿರುತ್ತದೆ. ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಅದೇ ದಿನ, ಮಂಜು ಬೀಳುವ ಮೊದಲು ಪ್ರೈಮರ್ ಹೊಡೆಯಬೇಕು. ಆಮೇಲೆ ಬಣ್ಣ. ಈ ಕೊನೆಯ ಹಂತವನ್ನು ಮಾತ್ರ ಮಾಡಿ, ಮೊದಲಿನದೆಲ್ಲ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಊರೂರಿನ ಸರ್ಕಲ್‌ಗಳಲ್ಲಿ ನಿಲ್ಲಿಸಿದ ಟ್ಯಾಂಕು, ವಿಮಾನಗಳನ್ನು ನೋಡಿದರೆ ಸಾಕು. ಸೋರುವ ತಾರಸಿಗೆ ಒಳಗಿನಿಂದ ಸುಣ್ಣ ಹೊಡೆದ ಹಾಗೆ. ಉದ್ಘಾಟನೆಯ ದಿನಕ್ಕೆ ಲಕಲಕ, ಮುಂದಿನ ಮಳೆಗಾಲಕ್ಕೆ ಬೊಬ್ಬೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ, ಆದರೆ ಹೇಳಲೇಬೇಕು. ಹಡಗಿನ ತಳದಲ್ಲಿ ಮುಚ್ಚಿಟ್ಟ ತೊಟ್ಟಿಗಳಿರುತ್ತವೆ. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಮುಚ್ಚಿದ್ದ ತೊಟ್ಟಿಯೊಳಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ. ವಾಸನೆ ಇಲ್ಲ, ಸುಳಿವಿಲ್ಲ. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ನಮ್ಮಲ್ಲಿ ಮ್ಯಾನ್‌ಹೋಲ್ ಸಾವುಗಳ ಸುದ್ದಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜತೆಗೆ ಆ ಕಾಲದ ಹಡಗುಗಳಲ್ಲಿ ಪೈಪುಗಳಿಗೆ ಸುತ್ತಿದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದನ್ನು ಮುಟ್ಟುವುದು ಪರವಾನಗಿ ಇದ್ದವರ ಕೆಲಸ. ‘ಒಂದಷ್ಟು ಜನ ಹೋಗಿ ಕೈ ಹಾಕುವುದು’ ಅನ್ನುವಾಗ ಈ ಚಿತ್ರವೂ ಕಣ್ಣ ಮುಂದಿರಲಿ.

ಆದರೂ ಇದೆಲ್ಲ ನೀರಿನ ಗೆರೆಯಿಂದ ಮೇಲಿನ ಕಥೆ, ಹೆಚ್ಚೆಂದರೆ ಒಳಗಿನ ಕಥೆ. ಹಡಗು ಸಾಯುವುದು ಹೊರಗಿನಿಂದ, ನೀರಿನ ಗೆರೆಯ ಕೆಳಗೆ. ಅಲ್ಲಿಗೆ ಯಾವ ಸ್ವಯಂಸೇವಕನ ಸುತ್ತಿಗೆಯೂ ತಲುಪುವುದಿಲ್ಲ. ಉಕ್ಕಿನ ಬದಲು ತಾನು ಕರಗಲಿ ಎಂದು ಅಡಿಯಲ್ಲಿ ಸತುವಿನ ಗಟ್ಟಿಗಳನ್ನು ಬಿಗಿದಿರುತ್ತಾರೆ. ಅವು ಸವೆದ ಮೇಲೆ ಉಕ್ಕಿನ ಸರದಿ. ಇದಕ್ಕಿರುವ ಮದ್ದು ಡ್ರೈಡಾಕ್ ಒಂದೇ: ಹಡಗನ್ನು ಎಳೆದೊಯ್ದು, ನೀರು ಖಾಲಿ ಮಾಡಿ, ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು, ತೆಳುವಾದ ಕಡೆ ಹೊಸ ತಗಡು ಬೆಸೆಯುವುದು. ಸ್ಲೇಟರ್ 2014ರಲ್ಲೊಮ್ಮೆ, 2020ರಲ್ಲೊಮ್ಮೆ ಹೀಗೆ ಹೋಗಿ ಬಂತು. ಅದರ ಅದೃಷ್ಟ ಅಂದರೆ ಆಲ್ಬನಿಯಲ್ಲಿ ಹಡ್ಸನ್ ನದಿಯದು ಸಿಹಿನೀರು. ಉಪ್ಪುನೀರಿನಲ್ಲಿ ನಿಂತಿದ್ದರೆ ಆ ಹಣ ಇನ್ನೂ ಬೇಗ ಬೇಗ ಹೊಂದಿಸಬೇಕಾಗುತ್ತಿತ್ತು.

ಈಗ ವಿಕ್ರಾಂತಿಗೆ ಬರೋಣ. 213 ಮೀಟರ್ ಉದ್ದ, ತುಂಬಿದ ತೂಕ 20,000 ಟನ್ನಿನ ಆಸುಪಾಸು. 1945ರಲ್ಲಿ ಬ್ರಿಟನ್ನಿನಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ನೀರಿಗಿಳಿದು, ಅರ್ಧಕ್ಕೆ ನಿಂತು, 1957ರಲ್ಲಿ ನಾವು ಕೊಂಡು, 1961ರಲ್ಲಿ ನಮ್ಮ ನೌಕಾಪಡೆಗೆ ಸೇರಿದ್ದು. 1971ರಲ್ಲಿ ಬಾಯ್ಲರ್ ಬಿರುಕು ಬಿಟ್ಟು ವೇಗ ಕುಂದಿದ್ದರೂ ಬಂಗಾಳ ಕೊಲ್ಲಿಗೆ ಹೋಗಿ, ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿದವು. 1997ರಲ್ಲಿ ನಿವೃತ್ತಿ. ಅದಾದ ಮೇಲೆ ಮುಂಬೈಯಲ್ಲಿ ಮ್ಯೂಸಿಯಂ ಆಗಿ, ಅರಬ್ಬೀ ಸಮುದ್ರದ ಬಿಸಿ ಉಪ್ಪುನೀರಿನಲ್ಲಿ ತೇಲುತ್ತಲೇ ಇತ್ತು. 2012ರಲ್ಲಿ ಜನ ಹತ್ತುವುದು ಅಪಾಯವೆಂದು ಮುಚ್ಚಿದರು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಹರಾಜಾಯಿತು. ಕೋರ್ಟಿಗೆ ಹೋದವರಿಗೂ ಜಯ ಸಿಗಲಿಲ್ಲ. ಆಮೇಲೆ ಅದರ ಉಕ್ಕಿನಲ್ಲಿ ಒಂದು ಪಾಲು ಬಜಾಜ್ ಬೈಕಿನ ಟ್ಯಾಂಕಿಗೆ ಹೋಯಿತು. ನಮ್ಮ ಗ್ರೂಪಿನಲ್ಲೇ ಒಬ್ಬರು ಆ ಬೈಕ್ ಕೊಂಡು ಫೋಟೋ ಹಾಕಿದ್ದರು. ಅಭಿನಂದನೆ ಹೇಳಬೇಕೋ ಸಂತಾಪ ಸೂಚಿಸಬೇಕೋ ತಿಳಿಯದೆ ಕೈಮುಗಿಯುವ ಚಿಹ್ನೆ ಒತ್ತಿದೆ.

ಅಷ್ಟು ದೊಡ್ಡ ತಳಕ್ಕೆ ಬೇಕಾದದ್ದು ಸರ್ಕಾರ ಬಜೆಟ್ಟಿನಲ್ಲಿ ತೆಗೆದಿಡುವ ಹಣ, ಅದೂ ಒಂದು ಸಲ ಕೊಟ್ಟು ಮುಗಿಯುವಂಥದ್ದಲ್ಲ. ಶ್ರೀಮಂತ ದೇಶಗಳಿಗೂ ಇದು ಸುಲಭವಿಲ್ಲ. ಎರಡೂ ಮಹಾಯುದ್ಧ ಕಂಡ ಯುಎಸ್‌ಎಸ್ ಟೆಕ್ಸಸ್ ವರ್ಷಗಟ್ಟಲೆ ಪಂಪುಗಳ ಬಲದ ಮೇಲೆ ತೇಲುತ್ತಿತ್ತು. ಆ ರಾಜ್ಯ ಸರ್ಕಾರ 3.5 ಕೋಟಿ ಡಾಲರ್ ಕೊಟ್ಟ ಮೇಲೆ 2022ರಲ್ಲಿ ಡ್ರೈಡಾಕ್ ಕಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಫಲೋ ಊರಿನಲ್ಲಿ ಯುಎಸ್‌ಎಸ್ ದಿ ಸಲಿವನ್ಸ್ ಎಂಬ ಮ್ಯೂಸಿಯಂ ಹಡಗು, ಕಟ್ಟಿದ ಜಾಗದಲ್ಲೇ ತಳ ತೂತಾಗಿ ಒಂದು ಪಕ್ಕಕ್ಕೆ ವಾಲಿ ಅರ್ಧ ಮುಳುಗಿತು. ಅಲ್ಲಿಯೂ ನಿಷ್ಠೆಯಿಂದ ದುಡಿಯುವ ಸ್ವಯಂಸೇವಕರಿದ್ದರು. ಅಂದಹಾಗೆ, ಬ್ರಿಟನ್ನಿನ ಹಾರ್ಟಲ್‌ಪೂಲ್‌ನಲ್ಲಿ ಟ್ರಿಂಕೋಮಲಿ ಎಂಬ ಹಾಯಿಹಡಗು ಇವತ್ತಿಗೂ ತೇಲುತ್ತಿದೆ. 1817ರಲ್ಲಿ ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ್ದು. ಅದನ್ನು ರಿಪೇರಿ ಮಾಡುವುದಕ್ಕೇ 1990ರಿಂದ 2001ರವರೆಗೆ ಹಿಡಿಯಿತು. ನಮ್ಮ ಮರ, ನಮ್ಮ ಬಡಗಿಗಳು, ಉಳಿದಿರುವುದು ಅವರ ಊರಲ್ಲಿ. ಹೊಟ್ಟೆ ಉರಿಯುತ್ತದೆ, ನಿಜ.

ಹಾಗಾದರೆ ಸ್ವಯಂಸೇವಕರಿಂದ ಏನೂ ಪ್ರಯೋಜನವಿಲ್ಲವೇ? ನಾನು ಹೇಳುತ್ತಿರುವುದು ಅದಲ್ಲ. ಅವರಿಲ್ಲದಿದ್ದರೆ ತಳಕ್ಕೆ ದುಡ್ಡು ಹಾಕಿಯೂ ಉಳಿಯುವುದು ಒಂದು ಕಬ್ಬಿಣದ ಡಬ್ಬಿ. ಸ್ಲೇಟರ್‌ನ ರೇಡಿಯೋ ಕೋಣೆಯಲ್ಲಿ ಆ ಕಾಲದ ಸೆಟ್ಟುಗಳನ್ನು ಹುಡುಕಿ ತಂದು, ಟ್ರಾನ್ಸಿಸ್ಟರಿಗಿಂತ ಹಿಂದಿನ ಕಾಲದ ಗಾಜಿನ ವಾಲ್ವುಗಳನ್ನು ಹೊಂದಿಸಿ, ಮಾತಾಡುವ ಹಾಗೆ ಮಾಡಿದವರು ಇವರು. ಯಾವ ಸ್ವಿಚ್ಚು ಮೊದಲು, ಯಾವ ಹಿಡಿ ಎಷ್ಟು ತಿರುಗಿಸಬೇಕು ಎಂಬುದು ಕೈಪಿಡಿಯಲ್ಲಿ ಅರ್ಧ ಇರುತ್ತದೆ, ಇನ್ನರ್ಧ ಅದನ್ನು ನಡೆಸಿದವನ ಕೈಯಲ್ಲಿರುತ್ತದೆ. ಅವನು ಹೋಗುವ ಮುಂಚೆ ಇನ್ನೊಬ್ಬ ಪಕ್ಕದಲ್ಲಿ ನಿಂತು ಕಲಿಯಬೇಕು. ಸಂಬಳದ ನೌಕರನಿಗೆ ಅಷ್ಟು ಪುರುಸೊತ್ತು ಯಾರೂ ಕೊಡುವುದಿಲ್ಲ.

ಈ ಮಾತಿಗೆ ಸಿಗುವ ಮರುಪ್ರಶ್ನೆಯೂ ನನಗೆ ಬಾಯಿಪಾಠ: “ಸಮುದ್ರವೇ ಇಲ್ಲದ ಬೆಂಗಳೂರಿನವರಿಗೆ ಈ ಉಸಾಬರಿ ಯಾಕೆ?” ಇಂಡಿಯಾನಾ ರಾಜ್ಯದ ಎವಾನ್ಸ್‌ವಿಲ್ ಕೂಡ ಸಮುದ್ರದಿಂದ ಬಹುದೂರ, ಒಹಾಯೋ ನದಿಯ ದಡದಲ್ಲಿದೆ. ಯುದ್ಧದ ಕಾಲದಲ್ಲಿ ಅಲ್ಲಿ ಟ್ಯಾಂಕ್ ಸಾಗಿಸುವ 167 ಹಡಗು ಕಟ್ಟಿದ್ದರು. ಅದೇ ಮಾದರಿಯ ಎಲ್‌ಎಸ್‌ಟಿ 325 ಎಂಬುದನ್ನು, ಸರಾಸರಿ 72 ವಯಸ್ಸಿನ ಮಾಜಿ ನಾವಿಕರು ಗ್ರೀಸ್‌ನ ಕ್ರೀಟ್ ದ್ವೀಪದಿಂದ ತಾವೇ ನಡೆಸಿಕೊಂಡು ಅಟ್ಲಾಂಟಿಕ್ ದಾಟಿ 2001ರ ಜನವರಿಯಲ್ಲಿ ಅಮೆರಿಕ ಮುಟ್ಟಿಸಿದರು. ಈಗ ಆ ಹಡಗಿನ ಮನೆ ಎವಾನ್ಸ್‌ವಿಲ್. ಬೆಂಗಳೂರಿಗೆ ನದಿಯೂ ಇಲ್ಲ, ಒಪ್ಪಿದೆ. ಆದರೆ ಎಚ್‌ಎಂಟಿ, ಐಟಿಐ, ಎಚ್‌ಎಎಲ್, ಬಿಇಎಲ್‌ಗಳಿಂದ ನಿವೃತ್ತರಾದ ಫಿಟ್ಟರುಗಳು, ಟರ್ನರುಗಳು, ವೆಲ್ಡರುಗಳು ಇಷ್ಟೊಂದು ಸಂಖ್ಯೆಯಲ್ಲಿ ಇನ್ನಾವ ಊರಲ್ಲಿದ್ದಾರೆ? ಒಂದು ಕಾಲದಲ್ಲಿ ಜಾಲಹಳ್ಳಿಯಲ್ಲೇ ರೇಡಿಯೋ ವಾಲ್ವು ತಯಾರಾಗುತ್ತಿತ್ತು. ಹವ್ಯಾಸಕ್ಕೆ ಸ್ವಂತ ರೇಡಿಯೋ ಸೆಟ್ಟಿನಲ್ಲಿ ದೂರದವರ ಜತೆ ಮಾತಾಡುವ ಹ್ಯಾಮ್ ರೇಡಿಯೋದವರೂ ಇಲ್ಲಿ ಬೇಕಾದಷ್ಟು ಜನ. ಪ್ರತಿವರ್ಷ ಜೂನ್ ಮೊದಲ ವಾರಾಂತ್ಯ ಜಗತ್ತಿನ ಮ್ಯೂಸಿಯಂ ಹಡಗುಗಳಿಂದ ಹ್ಯಾಮ್‌ಗಳು ಪರಸ್ಪರ ಮಾತಾಡುವ ಪದ್ಧತಿಯಿದೆ. ಅದಕ್ಕೆ ಆಂಟೆನಾ ಕಟ್ಟಲು ನಮಗೂ ಒಂದು ಹಡಗು ಬೇಕು, ಅಷ್ಟೆ.

ಹಡಗು ಇದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿ ಪಕ್ಕದಲ್ಲೇ ನಿಂತಿದೆ, ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿ. 2006ರಿಂದ ಮ್ಯೂಸಿಯಂ. 38.6 ಮೀಟರ್ ಉದ್ದ, 245 ಟನ್ ತೂಕ. ವಿಕ್ರಾಂತಿನ ಐದನೇ ಒಂದು ಭಾಗದಷ್ಟೂ ಉದ್ದವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೆಲದ ಮೇಲಿದೆ. ಡ್ರೈಡಾಕ್ ಚಿಂತೆ ಇಲ್ಲ, ತಳಕ್ಕೂ ಏಣಿ ಹಾಕಿದರೆ ಸುತ್ತಿಗೆ ತಲುಪುತ್ತದೆ. ವಿಶಾಖಪಟ್ಟಣದಲ್ಲಿ ಕುರ್ಸುರಾ ಜಲಾಂತರ್ಗಾಮಿಯನ್ನು 2002ರಲ್ಲಿ ಮರಳಿನ ಮೇಲೆ ಎಳೆದು ನಿಲ್ಲಿಸಿದ್ದಾರಲ್ಲ, ಅದೇ ಲೆಕ್ಕ. ಅಲ್ಲಿ ಒಳಗೆ ಕರೆದೊಯ್ದು ವಿವರಿಸುವವರು ನೌಕಾಪಡೆಯಿಂದ ನಿವೃತ್ತರಾದವರೇ. ವಿಕ್ರಾಂತ್, ಆಮೇಲೆ ಗುಜರಾತಿನ ಅಲಂಗ್‌ಗೆ ಒಡೆಯಲು ಹೋದ ಇನ್ನೊಂದು ವಿಮಾನವಾಹಕ ವಿರಾಟ್, ಇವೆರಡಕ್ಕೆ ಕಣ್ಣೀರು ಹಾಕುವವರು ಈ ಪುಟ್ಟ ಚಪಲ್ ನೋಡಲು ಒಂದು ಸಲವೂ ಹೋಗಿರುವುದಿಲ್ಲ. ಹೋದವರೂ ಗೋವಾ ದಾರಿಯಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆದವರು.

ವಿವರಿಸುವವರ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಚಪಲ್ ಒಂದೇ ಉದಾಹರಣೆ ಸಾಕು. 1971ರಲ್ಲಿ ಕರಾಚಿಯನ್ನು ಸುಟ್ಟ ಹಡಗು ಇದೇ ಎಂದು ಎಷ್ಟೋ ಜನ ನಂಬಿದ್ದಾರೆ, ಬರೆದೂ ಇದ್ದಾರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಬಿದ್ದವು ಅದರ ಅಕ್ಕಂದಿರು: ನಿಪಾತ್, ನಿರ್ಘಾತ್, ವೀರ್. ನಾಲ್ಕು ದಿನದ ಮೇಲೆ ವಿನಾಶ್. ಬಂದರು ಕಾಯಲು ಮಾಡಿದ ಚಿಕ್ಕ ದೋಣಿಗಳನ್ನು ಶತ್ರುವಿನ ಬಾಗಿಲವರೆಗೆ ಕರೆದೊಯ್ದು ಕ್ಷಿಪಣಿ ಹಾರಿಸಿದ್ದೇ ಒಂದು ಅದ್ಭುತ. ಅದನ್ನು ವಿವರಿಸಲು ಚಪಲ್ ಮುಂದೆ ನಿಲ್ಲುವುದಕ್ಕಿಂತ ಒಳ್ಳೆಯ ಜಾಗವಿಲ್ಲ, ಸುಳ್ಳು ಬೆರೆಸಬೇಕಾದ ಅಗತ್ಯವೂ ಇಲ್ಲ.

ನಮ್ಮಲ್ಲಿ ಇಲ್ಲದಿರುವುದು ವ್ಯವಸ್ಥೆ. ಸರ್ಕಾರಿ ಆಸ್ತಿಯ ಮೇಲೆ ಸುತ್ತಿಗೆ ಎತ್ತಲು ಖಾಸಗಿಯವನಿಗೆ ಯಾರು ಅನುಮತಿ ಕೊಡಬೇಕು? ಏಣಿಯಿಂದ ಬಿದ್ದರೆ ಆಸ್ಪತ್ರೆ ಖರ್ಚು ಯಾರದು? ಟೆಂಡರ್ ಇಲ್ಲದೆ ಪ್ರೈಮರ್ ಡಬ್ಬ ಕೊಳ್ಳುವುದು ಹೇಗೆ? ಆಲ್ಬನಿಯಲ್ಲಿ ನನ್ನಿಂದ ಮೊದಲ ದಿನ ಬರೆಸಿಕೊಂಡದ್ದು ಇದೇ ಕಾಗದಗಳನ್ನು. ಜಿಲ್ಲಾಡಳಿತದ ಜತೆ ಒಂದು ಒಪ್ಪಂದ, ಒಂದು ಗುಂಪು ವಿಮೆ, ಕೆಲಸ ತೋರಿಸಿಕೊಡುವ ಒಬ್ಬ ಮಾಜಿ ನಾವಿಕ, ಇಷ್ಟು ಹೊಂದಿದರೆ ಉಳಿದದ್ದಕ್ಕೆ ಜನ ಇದ್ದಾರೆ. ಅರ್ಜಿಯ ಕರಡು ಬರೆದಿದ್ದೇನೆ. ಸಹಿ ಹಾಕುತ್ತೇವೆಂದವರಲ್ಲಿ ಅರ್ಧ ಜನ ಈ ಪ್ರಶ್ನೆ ಕೇಳಿ ನನ್ನ ತಲೆ ತಿಂದವರೇ.

ಅವರಿಗೆ ಮೊದಲೇ ಹೇಳಿಬಿಟ್ಟಿದ್ದೇನೆ: ಹೋದೊಡನೆ ಬ್ರಷ್ ಹಿಡಿಯುವ ಆಸೆ ಬೇಡ. ಕಾರವಾರದ ಮಳೆ ನಮ್ಮದರ ಮೂರು ಪಟ್ಟು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಕಿಟಕಿಯ ರಬ್ಬರ್ ಒಣಗಿದೆ, ಯಾವ ತೂತು ಎಲೆ ಕಸದಿಂದ ಕಟ್ಟಿದೆ ಎಂದು ಮೇ ತಿಂಗಳೊಳಗೆ ಪಟ್ಟಿ ಮಾಡಬೇಕು. ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಕಾರವಾರ. ಟಾರ್ಚ್, ನೋಟ್ ಪುಸ್ತಕ ತನ್ನಿ. ಸುತ್ತಿಗೆ ಮನೆಯಲ್ಲೇ ಇರಲಿ.